ಕಪ್ಪುಂಟು, ಬೆಳ್ಳಿಯಿಲ್ಲ

ಮರಾಠಿ, ತೆಲುಗು ಬೆರೆತ ನಮ್ಮ ಗಡಿಯಲ್ಲಿ ಕನ್ನಡ ಚಿತ್ರವೆಂದರೆ ಅಭಿಮಾನ. ೨೦೨೩ರಲ್ಲಿ ಆರ್. ಚಂದ್ರು ಅವರ ‘ಕಬ್ಜ’ ನೋಡಲು ಔರಾದಿನಿಂದ ನಾನೂ ಭಾಲ್ಕಿಯಿಂದ ಗೆಳೆಯನೂ ಬೀದರಿಗೆ ಬಂದೆವು; ಬೇಸರದಿಂದ ಮರಳಿದೆವು.

ಅಣ್ಣನನ್ನು ಕಳೆದುಕೊಂಡ ವಾಯುಪಡೆಯ ಯುವಕ ಭೂಗತಲೋಕದ ದೊರೆಯಾಗುವ ಕಥೆ ಕರುಳು ಹಿಂಡಬೇಕಿತ್ತು. ಆದರೆ ದುಃಖ ನಮ್ಮೆದೆಗೆ ಇಳಿಯುವ ಮೊದಲೇ ತೆರೆ ಕಪ್ಪಾಗುತ್ತದೆ, ಗುಂಡು ಸಿಡಿಯುತ್ತದೆ. ಕೊನೆಗೆ ಕಥೆಯೂ ಮುಗಿಯದೆ ಎರಡನೆಯ ಭಾಗದ ಆಶ್ವಾಸನೆ!

ಇದರ ನಾಯಕ ಉಪೇಂದ್ರರೇ ೧೯೯೫ರಲ್ಲಿ ನಿರ್ದೇಶಿಸಿದ ‘ಓಂ’ನಲ್ಲಿ ರೌಡಿಯೊಳಗೆ ಅರ್ಚಕರ ಮಗನೊಬ್ಬ ಉಳಿದಿದ್ದ, ಅವನಿಗಾಗಿ ಇಂದಿಗೂ ಮರುಗುತ್ತೇವೆ.

ನಮ್ಮ ಬಿದರಿ ಕುಶಲಕರ್ಮಿ ಕೋಟೆಯ ಮಣ್ಣು ಬಳಸಿ ಲೋಹವನ್ನು ಕಪ್ಪಾಗಿಸುವುದು ಬೆಳ್ಳಿಯ ಎಳೆ ಹೊಳೆಯಲೆಂದು. ‘ಕಬ್ಜ’ದಲ್ಲಿ ಕಪ್ಪುಂಟು, ಬೆಳ್ಳಿಯಿಲ್ಲ. ಚಮತ್ಕಾರವೇ ಕಲೆಯಲ್ಲವೆಂಬುದನ್ನು ನಮ್ಮ ನಿರ್ದೇಶಕರು ಬೀದರಿಗೊಮ್ಮೆ ಬಂದು ಕಲಿಯಲಿ.