ಮುಖರೋಮವೂ ನಮ್ಮ ಹೆಣ್ಣುಮಕ್ಕಳೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವಾಗ ಪರೀಕ್ಷಾ ಫಲಿತಾಂಶ, ಕಟ್ಟಡ, ದಾನಿಗಳ ಉಪಕಾರಸ್ಮರಣೆ ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಅವೆಲ್ಲವೂ ಬೇರೆ ಪುಟಗಳಲ್ಲಿ ಬಂದಿರುವುದರಿಂದ, ತಾಯಂದಿರು ನಮ್ಮ ಕೊಠಡಿಗೆ ಬಂದು, ಬಾಗಿಲನ್ನು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳುವ ಒಂದು ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಹೆಣ್ಣುಮಕ್ಕಳ ಮೇಲ್ದುಟಿಯಲ್ಲಿಯೂ ಗಲ್ಲದಲ್ಲಿಯೂ ಕೈಕಾಲುಗಳಲ್ಲಿಯೂ ಬೆಳೆಯುವ ರೋಮವೂ, ಅದನ್ನು ಲೇಸರ್ ಕಿರಣದಿಂದ ತೆಗೆಸುವುದೂ ಆ ವಿಷಯವು. ಇದು ಅಲ್ಪವಾದುದೆಂದು ಕೆಲವರು ನಗಬಹುದು. ಇದರ ದೆಸೆಯಿಂದ ಮಕ್ಕಳು ಶಾಲೆ ತಪ್ಪಿಸುವುದನ್ನು ಕಂಡಿರುವ ನಾವು ನಗಲಾರೆವು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬೆಳಗಿನ ಪ್ರಾರ್ಥನೆಯಲ್ಲಿ ಓದುವುದನ್ನು ನಿಲ್ಲಿಸಿಬಿಟ್ಟಳು. ಅವಳದು ಒಳ್ಳೆಯ ಕಂಠ. ತರಗತಿಯಲ್ಲಿ ಉತ್ತರ ಹೇಳುವಾಗಲೂ ಬಾಯಿಗೆ ಕೈಯನ್ನು ಅಡ್ಡವಿಡುತ್ತಿದ್ದಳು. ವಿಚಾರಿಸಲಾಗಿ, ಜೊತೆಯವರು ಅವಳಿಗೆ ಮೀಸೆಯ ಹೆಸರಿಟ್ಟು ಕೂಗುತ್ತಿದ್ದರೆಂದು ತಿಳಿಯಿತು. ಅದು ನಮಗೆ ತಿಳಿಯುವುದಕ್ಕೆ ಅರ್ಧ ವರ್ಷ ಹಿಡಿದದ್ದು ನಮ್ಮದೇ ತಪ್ಪು. ತಾಯಿಯು ಅರಿಸಿನ, ಕಡಲೆಹಿಟ್ಟು ಎಲ್ಲವನ್ನೂ ಹಚ್ಚಿ ಸೋತಿದ್ದಳು. ಮೆಲ್ಲನೆ ಕೇಳಿದಾಗ, ಮಗಳಿಗೆ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲವೆಂಬ ಸಂಗತಿಯೂ ಹೊರಬಿತ್ತು. ಅಲ್ಲಿಯವರೆಗೆ ಅದನ್ನು ಯಾರೂ ವೈದ್ಯರಿಗೆ ಹೇಳಿರಲಿಲ್ಲ.

ಇದು ನಮ್ಮ ಮಂಚೇನಹಳ್ಳಿಯ ಸುತ್ತಮುತ್ತ ಮಾತ್ರ ನಡೆಯುವುದಲ್ಲ. 2024ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಪ್ರಥಮಳಾದ ಬಾಲಿಕೆಯ ಭಾವಚಿತ್ರವು ಪ್ರಕಟವಾದಾಗ, ಅವಳು ಗಳಿಸಿದ ಅಂಕಗಳನ್ನು ಬಿಟ್ಟು ಅವಳ ಮುಖದ ರೋಮವನ್ನು ಕುರಿತು ಸಾವಿರಾರು ಮಂದಿ ಅಪರಿಚಿತರು ಹಾಸ್ಯಮಾಡಿದರು. ಅನೇಕರು ಅವಳ ಪಕ್ಷ ವಹಿಸಿದರೆಂಬುದೂ ನಿಜವೇ. ಆದರೆ ಹದಿಹರೆಯದ ಹುಡುಗಿಗೆ ಯಾವುದು ನೆನಪಿನಲ್ಲಿ ಉಳಿಯುವುದೆಂದು ತಾಯಂದಿರು ಬಲ್ಲರು.

ವೈದ್ಯಶಾಸ್ತ್ರವು ಹೇಳುವುದನ್ನು ಮೊದಲು ತಿಳಿಯೋಣ. ಸಣ್ಣ ನಯವಾದ ರೋಮವು ಎಲ್ಲ ಹೆಂಗಸರಿಗೂ ಸಹಜ. ವಂಶಾನುಗತವಾಗಿ ಕೆಲವರಿಗೆ ಹೆಚ್ಚು. ಗಂಡಸರಿಗೆ ಬೆಳೆಯುವ ಸ್ಥಾನಗಳಲ್ಲಿ ಗಡುಸಾದ ಕಪ್ಪು ಕೂದಲು ಬೆಳೆಯುವುದು 100 ಹೆಂಗಸರಲ್ಲಿ 5ರಿಂದ 10 ಮಂದಿಗೆ ಉಂಟು. ಅವರಲ್ಲಿ ಬಹುಪಾಲಿಗೆ ಕಾರಣವು ಅಂಡಾಶಯದ ಪಿ.ಸಿ.ಓ.ಎಸ್. ಎಂಬ ತೊಂದರೆ. ಅದರಿಂದ ಮುಟ್ಟು ಕ್ರಮತಪ್ಪುತ್ತದೆ. ಮುಂದೆ ಸಕ್ಕರೆ ಕಾಯಿಲೆಯ ಭಯವೂ ಹೆಚ್ಚುತ್ತದೆ. ಅಪರೂಪವಾಗಿ, ಕೆಲವೇ ತಿಂಗಳಲ್ಲಿ ರೋಮವು ವೇಗವಾಗಿ ಬೆಳೆದು ಧ್ವನಿಯೂ ಗಡುಸಾದರೆ, ಒಳಗೆ ಗಡ್ಡೆಯಿರಬಹುದು, ಆಗ ತಡಮಾಡಲೇಬಾರದು. ಕ್ಷೌರ ಮಾಡಿದರೆ ಕೂದಲು ದಪ್ಪವಾಗುವುದೆಂಬ ಮಾತಂತೂ ಸುಳ್ಳು. ಅಮೇರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿದುಷಿಯು 1928ರಲ್ಲಿಯೇ ಅಳೆದು ನೋಡಿ ಇದನ್ನು ತೋರಿಸಿದಳು.

ಲೇಸರಿನ ಕ್ರಮವಾದರೋ ಹೀಗಿದೆ. ಮೊದಲನೆಯ ಲೇಸರನ್ನು 1960ರಲ್ಲಿ ಥಿಯೋಡೋರ್ ಮೈಮನ್ ಎಂಬವನು ನಿರ್ಮಿಸಿದನು. ಚರ್ಮವನ್ನು ಸುಡದೆ ಒಳಗಿನ ಬಣ್ಣವನ್ನು ಮಾತ್ರ ಕಾಯಿಸಬಹುದೆಂಬ ತತ್ತ್ವವನ್ನು 1983ರಲ್ಲಿ ಆಂಡರ್ಸನ್, ಪ್ಯಾರಿಶ್ ಎಂಬ ವೈದ್ಯರು ಪ್ರಕಟಿಸಿದರು. ಕೂದಲಿನ ಕಪ್ಪು ಬಣ್ಣವು ಬೆಳಕನ್ನು ಹೀರಿ ಕಾದು, ಅದರ ಬುಡವನ್ನು ಕೆಡಿಸುತ್ತದೆ. ಆದುದರಿಂದ ನರೆಗೂದಲಿಗೆ ಇದು ತಾಗದು. ಒಂದು ಸಲಕ್ಕೆ ಎಲ್ಲ ಕೂದಲೂ ಬೆಳೆಯುವ ಅವಸ್ಥೆಯಲ್ಲಿ ಇರುವುದಿಲ್ಲವಾಗಿ, ಕೆಲವು ವಾರಗಳ ಅಂತರದಲ್ಲಿ ಆರೆಂಟು ಸಾರಿ ಮಾಡಿಸಬೇಕು. ಇಷ್ಟಾದರೂ ರೋಮವು ಬಹುಕಾಲ ಕಡಿಮೆಯಾಗುವುದೇ ಹೊರತು ನಿರ್ಮೂಲವಾಗುವುದಿಲ್ಲ. ಒಳಗಿನ ಕಾರಣಕ್ಕೆ ಚಿಕಿತ್ಸೆಯಾಗದಿದ್ದರೆ ಮರಳಿ ಬರುವುದು.

ನಮ್ಮ ಜನರ ಚರ್ಮದಲ್ಲಿಯೂ ಅದೇ ಕಪ್ಪು ಬಣ್ಣವಿದೆಯೆಂಬುದನ್ನು ಮರೆಯಬಾರದು. ದ್ರಾಕ್ಷಿ ತೋಟದಲ್ಲಿ, ಹೂವಿನ ಹೊಲದಲ್ಲಿ, ಹಿಪ್ಪುನೇರಳೆ ತೋಟದಲ್ಲಿ ಬಿಸಿಲಿಗೆ ಕಪ್ಪಾದ ಮುಖದ ಮೇಲೆ ಅರಿಯದವರ ಕೈಯ ಯಂತ್ರವು ಸುಟ್ಟ ಕಲೆಯನ್ನು ಉಳಿಸಬಲ್ಲುದು. ಕಪ್ಪು ಚರ್ಮಕ್ಕೆ ಎನ್‌ಡಿ-ಯಾಗ್ ಎಂಬ ಬಗೆಯ ಲೇಸರು ಹೆಚ್ಚು ಕ್ಷೇಮವೆಂದು ಚರ್ಮವೈದ್ಯರು ಹೇಳುತ್ತಾರೆ. ಕೆಲವರಿಗೆ ಗಲ್ಲದಲ್ಲಿ ರೋಮವು ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ಹೊಸ ಯಂತ್ರವೆಂದೊಡನೆ ನಂಬುವವರು 1920ರ ದಶಕದ ಸಂಗತಿಯನ್ನು ನೆನೆಯಲಿ. ಆಗ ಅಮೇರಿಕದಲ್ಲಿ ನೋವಿಲ್ಲದೆ ರೋಮ ತೆಗೆಯುವೆವೆಂದು ಸೌಂದರ್ಯಶಾಲೆಗಳಲ್ಲಿ ಹೆಂಗಸರ ಮುಖಕ್ಕೆ ಎಕ್ಸ್-ರೇ ಕಿರಣವನ್ನು ಹಾಯಿಸಿದರು. ಅವರಲ್ಲಿ ಅನೇಕರಿಗೆ ವರ್ಷಗಳ ಮೇಲೆ ಚರ್ಮವು ಸುಕ್ಕಿ, ಕ್ಯಾನ್ಸರ್ ಹುಟ್ಟಿತು. ಲೇಸರು ಎಕ್ಸ್-ರೇ ಅಲ್ಲ, ಅದರಿಂದ ಕ್ಯಾನ್ಸರ್ ಬರುವುದೆಂದು ನಾವು ಹೇಳುತ್ತಿಲ್ಲ. ವೈದ್ಯರ ಕೆಲಸವನ್ನು ಅಂಗಡಿಗೆ ಒಪ್ಪಿಸಬಾರದೆಂಬುದಷ್ಟೇ ನಮ್ಮ ಮಾತು.

ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಬಿ.ಕಾಂ. ಮುಗಿಸಿದ್ದಳು. ನೋಡಲು ಬಂದ ಗಂಡಿನ ಕಡೆಯವರು ಏನೋ ಅಂದರೆಂದು, ನಿಶ್ಚಿತಾರ್ಥಕ್ಕೆ ಹತ್ತು ದಿನವಿರುವಾಗ ಮನೆಯವರು ಅವಳನ್ನು ಪಟ್ಟಣದ ಬ್ಯೂಟಿ ಪಾರ್ಲರೊಂದಕ್ಕೆ ಕರೆದೊಯ್ದರು. ಗಲ್ಲದ ಮೇಲೆ ಸುಟ್ಟ ಕಲೆಗಳು ತಿಂಗಳುಗಟ್ಟಲೆ ಉಳಿದವು. ನಮ್ಮನ್ನು ಕಾಣಬಂದಾಗ, “ನಿನಗೆ ಅದು ಬೇಕಾಗಿತ್ತೇನಮ್ಮ?” ಎಂದು ಕೇಳಿದೆವು. “ನನ್ನನ್ನು ಯಾರೂ ಕೇಳಲೇ ಇಲ್ಲ, ಮಿಸ್” ಎಂದಳು.

ನಾವು ಹೇಳಬೇಕೆಂದಿರುವುದೆಲ್ಲವೂ ಆ ಮಾತಿನಲ್ಲಿದೆ. ಈ ವಿಷಯವು ಮೊದಲು ವೈದ್ಯರದು, ಆಮೇಲೆ ಆ ಹುಡುಗಿಯದು. ಗಂಡಿನ ಕಡೆಯವರದೂ ಅಲ್ಲ, ನೆರೆಹೊರೆಯವರದೂ ಅಲ್ಲ. ಮುಟ್ಟು ಕ್ರಮತಪ್ಪಿದ್ದರೆ ಸ್ತ್ರೀರೋಗ ವೈದ್ಯರನ್ನು, ಲೇಸರ್ ಬೇಕೆನಿಸಿದರೆ ಚರ್ಮವೈದ್ಯರನ್ನು ಕಾಣಿರಿ. ಇಂತಿಷ್ಟು ಸಾರಿಗೆ ಶಾಶ್ವತವಾಗಿ ಹೋಗುವುದೆಂದು ಜಾಹೀರಾತು ಹೇಳಿದರೆ ನಂಬಬೇಡಿರಿ. ಹೈಸ್ಕೂಲಿನ ಮಕ್ಕಳಿಗೆ ಅವಸರವಿಲ್ಲ. ದಾರದಿಂದ ತೆಗೆಸಿಕೊಳ್ಳುವುದೂ ಕ್ಷೌರವೂ ಸಾಕು, ಏನೂ ಮಾಡದಿರುವುದೂ ಸಾಕು. ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಇದಕ್ಕೆ ತೆಗೆಯಬೇಡಿರಿ. ಮಗಳು ಪ್ರಾಪ್ತವಯಸ್ಕಳಾಗಿ, ತಿಳಿದು, ತನ್ನ ಸಂತೋಷಕ್ಕಾಗಿ ಬೇಕೆಂದರೆ ಅಡ್ಡಬರಲೂ ಬೇಡಿರಿ.

ದೇವರು ಕೊಟ್ಟದ್ದನ್ನು ತೆಗೆಯುವುದು ಪಾಪವಲ್ಲವೇ ಎಂದು ನಮ್ಮ ಸಭೆಯ ಹಿರಿಯರೊಬ್ಬರು ಕೇಳಿದರು. ಕನ್ನಡಕ ಹಾಕಿಕೊಳ್ಳುವುದೂ ಸೀಳುತುಟಿಯನ್ನು ಹೊಲಿಸುವುದೂ ಪಾಪವಲ್ಲದಿದ್ದರೆ ಇದೂ ಅಲ್ಲವೆಂದು ಉತ್ತರ ಕೊಟ್ಟೆವು. ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಯನ್ನು ಕಟ್ಟಿದ ಲಂಡನ್ ಮಿಶನಿನವರು ಹೆಂಗಸರ ನಾಚಿಕೆಯ ಕಾಯಿಲೆಗಳಿಗೂ ಔಷಧ ಕೊಡುವುದನ್ನು ಸೇವೆಯೆಂದೇ ಎಣಿಸಿದ್ದರು. ಹಾಸ್ಯಮಾಡಿ ಒಂದು ಮಗುವಿನ ಬಾಯಿ ಮುಚ್ಚಿಸುವುದು ಪಾಪವೇ ಎಂದು ಯಾರಾದರೂ ಕೇಳಿದರೆ, ಹೌದೆಂದು ಹೇಳಲು ನಮಗೆ ಸಂಕೋಚವಿಲ್ಲ.

ಆ ಒಂಬತ್ತನೆಯ ತರಗತಿಯ ಬಾಲಿಕೆಗೆ ಚಿಕಿತ್ಸೆಯಿಂದ ಮುಟ್ಟು ಕ್ರಮಕ್ಕೆ ಬಂದಿತು. ರೋಮವು ಅಷ್ಟೇನೂ ಕಡಿಮೆಯಾಗಲಿಲ್ಲ. ಹೆಸರಿಟ್ಟು ಕೂಗಿದವರನ್ನು ಅವರ ತಾಯಂದಿರ ಎದುರಿಗೆ ಕೂರಿಸಿ ಮಾತನಾಡಿದೆವು. ಹತ್ತನೆಯ ತರಗತಿಯಲ್ಲಿ ಅವಳು ಮತ್ತೆ ಪ್ರಾರ್ಥನೆಯಲ್ಲಿ ಓದಿದಳು. ಈಗ ನಿಮ್ಮ ಮನೆಯಲ್ಲಿಯೂ ಬಾಯಿಗೆ ಕೈ ಅಡ್ಡವಿಡುವ ಮಗಳಿದ್ದರೆ, ದಯಮಾಡಿ ಅವಳನ್ನು ಕೇಳಿರಿ. ನಮ್ಮ ಕೊಠಡಿಗೂ ಬನ್ನಿರಿ. ಬಾಗಿಲು ಮುಚ್ಚುವ ಅಗತ್ಯವಿಲ್ಲ.