ಮೂಗು ಮರೆತರೂ ಮೈ ಮರೆಯದು

ಪ್ಲೈವುಡ್ ಹಾಳೆಗಳನ್ನು ಬೆಸೆಯುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಪ್ರೆಸ್ಸಿನಲ್ಲಿ ಕಾದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಚೆಲ್ಲುತ್ತದೆ. ಕಣ್ಣುರಿ, ಗಂಟಲುರಿ, ಚರ್ಮದ ತುರಿಕೆ ಅದರ ಮೊದಲ ಎಚ್ಚರಿಕೆಗಳು. ‘ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ’ ಎಂಬ ಸಮಾಧಾನ ಮೋಸದ್ದು. ರೂಢಿಯಾಗುವುದು ಮೂಗಿಗೆ, ದೇಹಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ಸಾರಿದೆ. ಮುಖಕ್ಕೆ ಕಟ್ಟಿದ ಬಟ್ಟೆ ಧೂಳನ್ನು ತಡೆದೀತು, ಅನಿಲವನ್ನಲ್ಲ.

ಭೋಪಾಲ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯು ಅಪಾಯವನ್ನು ಕಾರ್ಮಿಕರಿಗೆ ತಿಳಿಸುವುದು ಮಾಲೀಕರ ಹೊಣೆಯೆಂದಿತು. ಕಾರ್ಮಿಕರಿಗೆ ಓದಲು ಬಾರದ ಭಾಷೆಯ ಚೀಟಿಯಿಂದ ಆ ಹೊಣೆ ತೀರದು. ಪ್ರೆಸ್ಸಿನ ಬಳಿ ಅನಿಲ ಹೀರುವ ಯಂತ್ರ, ಫಾರ್ಮಾಲ್ಡಿಹೈಡ್ ಕಡಿಮೆಯಿರುವ ಅಂಟು, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ: ಇವು ಔದಾರ್ಯವಲ್ಲ, ಕೂಲಿಯಷ್ಟೇ ನ್ಯಾಯವಾದ ಹಕ್ಕು. ಮರ ಕೊಟ್ಟ ಬೆಟ್ಟ ತನ್ನ ಮಕ್ಕಳ ಉಸಿರನ್ನೂ ಕೊಡಬೇಕೆ?