ಅಳಿಸಿದ ಮಾತ್ರಕ್ಕೆ ತೆರವಾದೀತೆ?

ಓಲೆಗರಿಯಲ್ಲಿ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರವನ್ನು ಅಳಿಸಲು ಬಾರದು. ಲಿಪಿಕಾರನು ತಪ್ಪಿದ ಅಕ್ಷರವನ್ನು ಹೊಡೆದುಹಾಕಿ ಮುಂದೆ ಸಾಗುತ್ತಿದ್ದನು. ಅಕ್ಷರವು ಅರ್ಥವನ್ನು ಬಿಟ್ಟರೂ ಗರಿಯ ಮೇಲಿನ ಎಡೆಯನ್ನು ಬಿಡುತ್ತಿರಲಿಲ್ಲ. ಗಣಕಯಂತ್ರದ ಡೇಟಾಬೇಸಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ.

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಯಾವುದೇ ಶಾಲೆಯನ್ನು ತೆಗೆದುಕೊಳ್ಳೋಣ. ಹತ್ತು ವರ್ಷಗಳ ದಿನವಹಿ ಹಾಜರಿಯನ್ನು ಒಮ್ಮೆಗೇ ಅಳಿಸಿದರೂ ಕಡತವು ಕುಗ್ಗದು, ಹುಡುಕಾಟವು ಚುರುಕಾಗದು. ಕಾರಣವು ಸ್ಪಷ್ಟವಾಗಿದೆ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಯೋಜನೆಯಿಂದ ಬೆಳೆದ ಪೋಸ್ಟ್‌ಗ್ರೆಸ್‌ಕ್ಯುಎಲ್, ಅಳಿಸಿದ ಸಾಲಿಗೆ ಮೊದಲು ಗುರುತನ್ನಷ್ಟೇ ಹಾಕುತ್ತದೆ. ಅದೇ ಕ್ಷಣದಲ್ಲಿ ಮತ್ತೊಬ್ಬರು ಆ ಸಾಲನ್ನು ಓದುತ್ತಿರಬಹುದಷ್ಟೆ. ಅನಂತರ 'ವ್ಯಾಕ್ಯೂಮ್' ಎಂಬ ಆಜ್ಞೆಯು ಆ ಎಡೆಯನ್ನು ಹೊಸ ಸಾಲುಗಳಿಗೆ ಒದಗಿಸುತ್ತದೆಯೇ ಹೊರತು ಸಾಮಾನ್ಯವಾಗಿ ಡಿಸ್ಕಿಗೆ ಹಿಂದಿರುಗಿಸುವುದಿಲ್ಲ. ಇಡೀ ಕೋಷ್ಟಕವನ್ನು ಓದಬೇಕಾದಾಗ ಬರಿದಾದ ಪುಟಗಳನ್ನೂ ತಿರುವಿಹಾಕಬೇಕಾಗುತ್ತದೆ.

ಹೊಸ ದಾಖಲೆಗಳು ಬೇಗನೆ ಬಂದು ತುಂಬುವಂತಿದ್ದರೆ ಇಷ್ಟೇ ಸಾಕು. ಇಲ್ಲವಾದರೆ ಹೊಸ ಗರಿಗೆ ಪ್ರತಿಮಾಡುವಂತೆ 'ವ್ಯಾಕ್ಯೂಮ್ ಫುಲ್' ನಡೆಸಬೇಕು. ಅದು ಉಳಿದ ಸಾಲುಗಳನ್ನು ಹೊಸ ಕಡತಕ್ಕೆ ಬರೆದು, ಇಂಡೆಕ್ಸ್ ಎಂಬ ಸೂಚಿಗಳನ್ನೂ ಹೊಸತಾಗಿ ಕಟ್ಟುತ್ತದೆ. ಆದರೆ ಮುಗಿಯುವವರೆಗೆ ಆ ಕೋಷ್ಟಕವನ್ನು ಯಾರೂ ಮುಟ್ಟುವಂತಿಲ್ಲ. ಹಳೆಯ ಪ್ರತಿಯ ಜೊತೆಗೆ ಹೊಸದಕ್ಕೂ ಡಿಸ್ಕಿನಲ್ಲಿ ಸ್ಥಳವಿರಬೇಕು. ಆದುದರಿಂದ ಪ್ರವೇಶಾತಿಯ ನೂಕುನುಗ್ಗಲಿನ ದಿನಗಳಲ್ಲಿ ಇದಕ್ಕೆ ಕೈಹಾಕುವುದು ಅವಿವೇಕ. ದಸರಾ ರಜೆಯಲ್ಲಿ, ಬ್ಯಾಕಪ್ ತೆಗೆದಿರಿಸಿಕೊಂಡು ಮಾಡುವುದು ಲೇಸು. ಬಳಿಕ 'ಅನಲೈಜ್' ಆಜ್ಞೆಯನ್ನು ಕೊಟ್ಟರೆ ಯಂತ್ರವು ಹುಡುಕಾಟದ ದಾರಿಯನ್ನು ಹೊಸ ಅಂಕಿಅಂಶಗಳಿಗೆ ತಕ್ಕಂತೆ ಆಯ್ದುಕೊಳ್ಳುತ್ತದೆ. ಹಾಜರಿಯನ್ನು ಮೊದಲಿನಿಂದಲೂ ವರ್ಷವಾರು ಭಾಗಗಳಾಗಿ ಇರಿಸಿದ್ದರಂತೂ ಇನ್ನೂ ಸುಲಭ: ಬೇಡವಾದ ವರ್ಷದ ಭಾಗವನ್ನೇ ಕಿತ್ತುಹಾಕಿದರೆ ಸ್ಥಳವು ಒಡನೆಯೇ ತೆರವಾಗುವುದು.

ಆದರೆ ನನ್ನ ಮುಖ್ಯವಾದ ಅಭಿಪ್ರಾಯ ಬೇರೆ. ಯಂತ್ರ ನಿಧಾನವಾಯಿತೆಂಬ ಆತುರದಲ್ಲಿ ಯಾವುದನ್ನು ಅಳಿಸುತ್ತೇವೆಂಬ ವಿವೇಚನೆಯನ್ನು ಕಳೆದುಕೊಳ್ಳಬಾರದು. ಪೋಷಕರಿಗೆ ಕಳುಹಿಸಿದ ನಿತ್ಯದ ಸಂದೇಶಗಳು ಹೋದರೆ ನಷ್ಟವಿಲ್ಲ. ದಾಖಲಾತಿ ವಹಿಯ ಒಂದು ಸಾಲು ಹೋದರೆ, ನಲವತ್ತು ವರ್ಷಗಳ ಅನಂತರ ಜನ್ಮದಿನಾಂಕದ ಆಧಾರವನ್ನು ಅರಸಿ ಬರುವ ಹಳೆಯ ವಿದ್ಯಾರ್ಥಿಗೆ ಏನೆಂದು ಉತ್ತರ ಹೇಳೋಣ? ಕಂಟದಿಂದ ಹೊಡೆದುಹಾಕಿದ ಅಕ್ಷರವನ್ನು ಇಂದಿಗೂ ಓದಬಹುದು; ಹೊಸ ಕಡತಕ್ಕೆ ಬಾರದೆ ಉಳಿದ ಸಾಲನ್ನು ಯಾರೂ ಓದಲಾರರು. ಅಳಿಸುವ ಕೆಲಸವನ್ನು ಯಂತ್ರ ಬಲ್ಲವರು ಮಾಡಲಿ. ಯಾವುದನ್ನು ಅಳಿಸಬೇಕೆಂಬುದನ್ನು ಮುಖ್ಯೋಪಾಧ್ಯಾಯರೂ ಹಿರಿಯ ಗುಮಾಸ್ತರೂ ಕೂಡಿ, ಬರೆದು ನಿರ್ಣಯಿಸಲಿ.